4294967297: ಪೆನ್ನು, ಕಾಗದ ಹಿಡಿದು ಒಂದು ದೊಡ್ಡ ಸಂಖ್ಯೆಯನ್ನು ಬಿಡಿಸುವುದು ಹೇಗೆ

4294967297. ನಮ್ಮ ಎಣಿಕೆಯಲ್ಲಿ ಹೇಳಿದರೆ 429 ಕೋಟಿ 49 ಲಕ್ಷ 67 ಸಾವಿರದ 297. ಇದು ಅವಿಭಾಜ್ಯ ಸಂಖ್ಯೆ ಎಂದು 1640ರಲ್ಲಿ ಫ್ರಾನ್ಸಿನ ಪಿಯರ್ ದ ಫರ್ಮಾ ನಂಬಿದ್ದ. ಅಲ್ಲ ಎಂದು ತೋರಿಸಲು 1732ರಲ್ಲಿ ಲಿಯೊನಾರ್ಡ್ ಆಯ್ಲರ್ ಬರಬೇಕಾಯಿತು. ಇವತ್ತು ಫೋನಿಗೆ ಕೊಟ್ಟರೆ ಕ್ಷಣದಲ್ಲಿ ಉತ್ತರ ಬರುತ್ತದೆ, ನಿಜ. ಆದರೆ ಯಾಕೆ ಹಾಗೆ ಅನ್ನೋದು ಅದರಿಂದ ಗೊತ್ತಾಗುವುದಿಲ್ಲ. ಈ ಸಂಖ್ಯೆಯ ಚೆಂದ ಇರುವುದೇ ಆ 'ಯಾಕೆ'ಯಲ್ಲಿ. ಒಂದು ಸಂಜೆ ಬಿಡುವಿದ್ದರೆ ಇದನ್ನು ಪೂರ್ತಿ ಕೈಯಲ್ಲೇ ಬಿಡಿಸಬಹುದು.

ಹೈಸ್ಕೂಲಿನ ಗಣಿತ ಸಾಕು. ಘಾತ, ಶೇಷ, ಅವಿಭಾಜ್ಯ, ಮ.ಸಾ.ಅ. ಇಷ್ಟು ನೆನಪಿದ್ದರೆ ಆಯಿತು. ಹತ್ತು ಅಂಕಿ ತೋರಿಸುವ ಕ್ಯಾಲ್ಕುಲೇಟರ್ ಪಕ್ಕದಲ್ಲಿದ್ದರೆ ಒಳ್ಳೆಯದು. ಅಂಗಡಿಗಳಲ್ಲಿರುವ ಎಂಟು ಅಂಕಿಯದ್ದರಲ್ಲಿ ಈ ಸಂಖ್ಯೆ ಹಿಡಿಸುವುದಿಲ್ಲ.

ಶುರು ಮಾಡುವ ಮೊದಲು ಒಂದು ಮಾತು. ದೊಡ್ಡ ಸಂಖ್ಯೆ ಕಂಡ ಕೂಡಲೇ 3ರಿಂದ ಭಾಗಿಸು, 7ರಿಂದ ಭಾಗಿಸು ಎಂದು ಹೊರಡಬೇಡಿ. ಇದನ್ನು ಎಂಥ ಸಂಖ್ಯೆಗಳು ಭಾಗಿಸಲು ಸಾಧ್ಯ ಎಂದು ಮೊದಲು ಕೇಳಿ. ಅದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಹಂತ 1: ಅಕ್ಕಪಕ್ಕದ ಸಂಖ್ಯೆಗಳನ್ನು ನೋಡಿ

ನಮ್ಮ ಸಂಖ್ಯೆಯಿಂದ 1 ಕಳೆಯಿರಿ. 4294967296 ಬಂತು. ಇದನ್ನು ಅರ್ಧ ಮಾಡುತ್ತಾ ಹೋಗಿ. 32 ಸಲ ಅರ್ಧ ಮಾಡಿದರೆ ಸರಿಯಾಗಿ 1ಕ್ಕೆ ಬಂದು ನಿಲ್ಲುತ್ತೀರಿ. ಅಂದರೆ ಅದು 2³². ಕಂಪ್ಯೂಟರ್ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಪರಿಚಯ. ಇಂಟರ್ನೆಟ್ಟಿನ ಹಳೆಯ ಐಪಿ ವಿಳಾಸಗಳು ಒಟ್ಟು ಇಷ್ಟೇ. ಹಾಗಾಗಿ ನಮ್ಮ ಸಂಖ್ಯೆ 2³² + 1. ಬೈನರಿಯಲ್ಲಿ ಬರೆದರೆ ಒಂದು 1, ಆಮೇಲೆ 31 ಸೊನ್ನೆ, ಕೊನೆಗೆ ಮತ್ತೊಂದು 1.

ಈಗ 2 ಕಳೆಯಿರಿ. 4294967295, ಅಂದರೆ 2³² − 1. ಶಾಲೆಯ ವರ್ಗಗಳ ವ್ಯತ್ಯಾಸದ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. 2³² − 1 = (2¹⁶ + 1)(2¹⁶ − 1). ಎರಡನೆಯ ಆವರಣ ಮತ್ತೆ ಒಡೆಯುತ್ತದೆ, ಮತ್ತೆ ಒಡೆಯುತ್ತದೆ. ಕೊನೆಗೆ ಉಳಿಯುವುದು ಇದು:

4294967295 = 3 × 5 × 17 × 257 × 65537

ಈ ಐದೂ ಅವಿಭಾಜ್ಯಗಳು. ಐದೂ ಒಂದೇ ಬಗೆಯವು: 2¹ + 1, 2² + 1, 2⁴ + 1, 2⁸ + 1, 2¹⁶ + 1. ಘಾತ ಪ್ರತಿ ಸಲ ದ್ವಿಗುಣ ಆಗುತ್ತಿದೆ. ಇದೇ ಸಾಲಿನ ಮುಂದಿನದು ನಮ್ಮ 2³² + 1. ಮೊದಲ ಐದು ಅವಿಭಾಜ್ಯ ಆಗಿರುವಾಗ ಆರನೆಯದೂ, ಅದರಾಚೆಯವೂ ಹಾಗೇ ಇರಬೇಕು ಎಂದು ಫರ್ಮಾ ಭಾವಿಸಿದ. ಆದರೆ ಸಾಧನೆ ತನ್ನ ಬಳಿ ಇಲ್ಲ ಎಂದೂ ಪತ್ರಗಳಲ್ಲಿ ಬರೆದ. 1729ರಲ್ಲಿ ಗೋಲ್ಡ್‌ಬಾಕ್ ಈ ಪ್ರಶ್ನೆಯನ್ನು ಪತ್ರದಲ್ಲಿ ಆಯ್ಲರನ ಮುಂದಿಟ್ಟ.

ನಮಗೆ ಇಲ್ಲಿಂದ ಒಂದು ಲಾಭ ಇದೆ. 4294967295 ಈ ಐದರಿಂದಲೂ ನಿಶ್ಶೇಷವಾಗಿ ಭಾಗ ಹೋಗುತ್ತದೆ. ಹಾಗಾದರೆ ಅದಕ್ಕಿಂತ 2 ಜಾಸ್ತಿ ಇರುವ ನಮ್ಮ ಸಂಖ್ಯೆಯನ್ನು 3, 5, 17, 257, 65537 ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 2. ಭಾಗಾಕಾರ ಮಾಡದೆಯೇ ಐದು ಅವಿಭಾಜ್ಯಗಳು ಪಟ್ಟಿಯಿಂದ ಹೊರಗೆ ಹೋದವು.

ಹಂತ 2: ಸಣ್ಣ ಪರೀಕ್ಷೆಗಳು, ಬೇಗ ಮುಗಿಸಿ

ಅಂಕಿಗಳ ಮೊತ್ತ 59. ಹಾಗಾಗಿ 3ರಿಂದ, 9ರಿಂದ ಭಾಗ ಹೋಗುವುದಿಲ್ಲ. ಕೊನೆಯ ಅಂಕಿ 7, ಆದ್ದರಿಂದ 2 ಮತ್ತು 5 ಇಲ್ಲ.

7, 11, 13 ಮೂರನ್ನೂ ಒಂದೇ ಸಲ ನೋಡಲು ಒಂದು ಉಪಾಯ ಇದೆ. ಬಲಗಡೆಯಿಂದ ಮೂರು ಮೂರು ಅಂಕಿ ಬಿಡಿಸಿ: 4, 294, 967, 297. ಬಲದಿಂದ ಒಂದು ಕೂಡಿಸಿ, ಒಂದು ಕಳೆಯುತ್ತಾ ಬನ್ನಿ: 297 − 967 + 294 − 4 = −380. ಈ 380 ಮೂರರಲ್ಲಿ ಯಾವುದರಿಂದಲೂ ಭಾಗ ಹೋಗುವುದಿಲ್ಲ, ಹಾಗಾಗಿ ನಮ್ಮ ಸಂಖ್ಯೆಯೂ ಹೋಗುವುದಿಲ್ಲ. 7 × 11 × 13 = 1001 ಆಗಿರುವುದರಿಂದ ಈ ಉಪಾಯ ನಡೆಯುತ್ತದೆ.

ಹೀಗೇ ಮುಂದುವರಿದರೆ ಎಲ್ಲಿವರೆಗೆ ಹೋಗಬೇಕು? ವರ್ಗಮೂಲದವರೆಗೆ. ಅದು 65536ಕ್ಕಿಂತ ಕೂದಲೆಳೆಯಷ್ಟು ದೊಡ್ಡದು. 65536ರ ಒಳಗೆ 6542 ಅವಿಭಾಜ್ಯಗಳಿವೆ. ಅಷ್ಟನ್ನೂ ಕೈಯಲ್ಲಿ ಭಾಗಿಸುವುದು ಆಗದ ಮಾತು. ಇಲ್ಲಿಗೆ ನಿಲ್ಲಿಸಿ, ದಾರಿ ಬದಲಿಸಿ.

ಹಂತ 3: ಭಾಜಕಗಳ ಆಕಾರ ಕಂಡುಹಿಡಿಯಿರಿ

ಇದೇ ಮುಖ್ಯ ಹಂತ. ನಿಧಾನವಾಗಿ ಓದಿ, ಜೊತೆಗೆ ಬರೆಯುತ್ತಾ ಹೋಗಿ.

ಮೊದಲು ಚಿಕ್ಕ ಉದಾಹರಣೆ. 17 ತೆಗೆದುಕೊಳ್ಳಿ. 1ರಿಂದ ಶುರು ಮಾಡಿ ದ್ವಿಗುಣ ಮಾಡುತ್ತಾ ಹೋಗಿ. 17 ದಾಟಿದಾಗಲೆಲ್ಲ ಶೇಷವನ್ನು ಮಾತ್ರ ಇಟ್ಟುಕೊಳ್ಳಿ: 2, 4, 8, 16, 15, 13, 9, 1. ಎಂಟನೆಯ ಹೆಜ್ಜೆಗೆ 1ಕ್ಕೆ ವಾಪಸ್ ಬಂದೆವು. ಈ ಸುತ್ತಿನ ಉದ್ದ 8. 17ರಿಂದ 1 ಕಳೆದರೆ 16, ಅದು 8ರ ಮಗ್ಗಿಯಲ್ಲಿದೆ.

ಇದು ಆಕಸ್ಮಿಕ ಅಲ್ಲ. ಪ ಎಂಬುದು ಅವಿಭಾಜ್ಯ ಆಗಿದ್ದು, ಒಂದು ಸಂಖ್ಯೆ ಅದರಿಂದ ಭಾಗ ಹೋಗದಿದ್ದರೆ, ಆ ಸಂಖ್ಯೆಯ (ಪ − 1)ನೇ ಘಾತವನ್ನು ಪ-ಯಿಂದ ಭಾಗಿಸಿದಾಗ ಯಾವಾಗಲೂ ಶೇಷ 1. ಇದಕ್ಕೆ ಫರ್ಮಾನ ಚಿಕ್ಕ ಪ್ರಮೇಯ ಎನ್ನುತ್ತಾರೆ. ಇದನ್ನು ಅವನು ಹೇಳಿದ್ದೂ ಅದೇ 1640ರಲ್ಲಿ. ಅವನ ಊಹೆಯನ್ನು ಮುರಿಯಲು ಬೇಕಾದ ಸಾಧನ ಅವನ ಕೈಯಲ್ಲೇ ಇತ್ತು! ಪ್ರಮೇಯದಿಂದ ನಮಗೆ ಬೇಕಾದ್ದು ಇಷ್ಟು: ಸುತ್ತಿನ ಉದ್ದ ಎಷ್ಟೇ ಇರಲಿ, ಪ − 1 ಅದರ ಮಗ್ಗಿಯಲ್ಲಿ ಇರಲೇಬೇಕು.

ಈಗ ಪ ಎಂಬ ಅವಿಭಾಜ್ಯ ನಮ್ಮ 2³² + 1ನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ 2³²ರ ಶೇಷ −1 ಎನ್ನಬಹುದು (ಪ-ಗಿಂತ ಒಂದು ಕಡಿಮೆ ಎಂದರೂ ಅದೇ). ಅದನ್ನು ವರ್ಗ ಮಾಡಿದರೆ 2⁶⁴ರ ಶೇಷ 1. ಹಾಗಾಗಿ 2ರ ಸುತ್ತಿನ ಉದ್ದ 64ನ್ನು ಭಾಗಿಸಬೇಕು. ಅದು 1, 2, 4, 8, 16, 32, 64 ಇವುಗಳಲ್ಲಿ ಒಂದು. 32 ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ 2³²ರ ಶೇಷ 1 ಬರಬೇಕಿತ್ತು. ಬಂದಿರುವುದು −1. ಆದ್ದರಿಂದ ಉದ್ದ ಸರಿಯಾಗಿ 64. ಅಂದರೆ ಪ − 1 ಎಂಬುದು 64ರ ಮಗ್ಗಿಯಲ್ಲಿದೆ. ಆಯ್ಲರ್ ಬಳಸಿದ್ದು ಈ ನಿಯಮವನ್ನೇ.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಅದನ್ನು 1878ರಲ್ಲಿ ಎದುವಾರ್ ಲ್ಯೂಕಾ ತೋರಿಸಿದ. 256 × 65535 = 16776960 ಎಂಬ ಸಂಖ್ಯೆ ತೆಗೆದುಕೊಳ್ಳಿ. ಇದರ ವರ್ಗವನ್ನು ನಮ್ಮ ಸಂಖ್ಯೆಯಿಂದ ಭಾಗಿಸಿದರೆ ಶೇಷ ಕೇವಲ 2. ದೊಡ್ಡ ಗುಣಾಕಾರ ಬೇಡ, ಘಾತಗಳಲ್ಲೇ ನೋಡಿ. ವರ್ಗ ಎಂದರೆ 2¹⁶ × (2³² − 2¹⁷ + 1). ಆವರಣದೊಳಗಿನ 2³² + 1 ಎಂದರೆ ನಮ್ಮ ಸಂಖ್ಯೆಯೇ, ಅದರ ಶೇಷ 0. ಉಳಿದದ್ದು −2³³. ಅಂದರೆ −2 × 2³². ಇಲ್ಲಿ 2³²ರ ಬದಲು −1 ಇಟ್ಟರೆ ಉತ್ತರ 2. ನನಗೆ ಈ ಇಡೀ ಲೆಕ್ಕದಲ್ಲಿ ತುಂಬಾ ಇಷ್ಟವಾದ ಜಾಗ ಇದು. 2ಕ್ಕೆ ಒಂದು ವರ್ಗಮೂಲ ಸಿಕ್ಕಿಬಿಟ್ಟಿತು, ಅದೂ ಪೂರ್ಣಸಂಖ್ಯೆಯಾಗಿ!

16776960ರ ಎರಡು ಹೆಜ್ಜೆ 2ರ ಒಂದು ಹೆಜ್ಜೆಗೆ ಸಮ. ಹಾಗಾಗಿ ಅದರ 64ನೇ ಘಾತದ ಶೇಷ −1, 128ನೇ ಘಾತದ ಶೇಷ 1. ಮೇಲಿನ ವಾದವನ್ನೇ ಮತ್ತೆ ಹೇಳಿದರೆ ಅದರ ಸುತ್ತಿನ ಉದ್ದ 128. ಹೀಗೆ ನಿಯಮ ಇನ್ನೂ ಬಿಗಿಯಾಯಿತು: ನಮ್ಮ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯವೇ ಆಗಲಿ, 128ರ ಮಗ್ಗಿಗೆ 1 ಕೂಡಿಸಿದ ರೂಪದಲ್ಲೇ ಇರಬೇಕು.

ಹಂತ 4: ಮಗ್ಗಿ ಬರೆದು ಪರೀಕ್ಷಿಸಿ

128ರ ಮಗ್ಗಿ ಬರೆದು ಒಂದೊಂದಕ್ಕೂ 1 ಕೂಡಿಸಿ: 129, 257, 385, 513, 641...

129 ಎಂದರೆ 3 × 43, ಅವಿಭಾಜ್ಯ ಅಲ್ಲ. 257ರ ಶೇಷ 2 ಎಂದು ಮೊದಲ ಹಂತದಲ್ಲೇ ಗೊತ್ತಾಗಿದೆ. 385 ಕೊನೆಗೆ 5 ಇದೆ. 513ರ ಅಂಕಿಗಳ ಮೊತ್ತ 9. ಉಳಿದದ್ದು 641, ಅದು ಅವಿಭಾಜ್ಯ. ನಾವು ನಿಜವಾಗಿ ಭಾಗಿಸಿ ನೋಡಬೇಕಾದ ಮೊದಲ ಸಂಖ್ಯೆಯೇ ಇದು.

ಹತ್ತು ಅಂಕಿಯ ಭಾಗಾಕಾರವೂ ಬೇಕಿಲ್ಲ. 2⁸ = 256ರಿಂದ ಶುರು ಮಾಡಿ, ಎರಡು ಸಲ ವರ್ಗ ಮಾಡಿ, ಪ್ರತಿ ಸಲ 641ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ.

256 × 256 = 65536 = 641 × 102 + 154
154 × 154 = 23716 = 641 × 36 + 640

2³²ರ ಶೇಷ 640. ಅದಕ್ಕೆ 1 ಕೂಡಿಸಿದರೆ 641, ಅಂದರೆ ಶೇಷ 0. ಭಾಗ ಹೋಯಿತು.

4294967297 = 641 × 6700417

ಆಯ್ಲರನ 64ರ ನಿಯಮದಿಂದ ಹೊರಟರೂ ಹೆಚ್ಚು ದೂರ ಇಲ್ಲ. 64ರ ಮಗ್ಗಿಗೆ 1 ಕೂಡಿಸಿದಾಗ ಸಿಗುವ ಅವಿಭಾಜ್ಯಗಳು 193, 257, 449, 577, 641. ಇದೇ ಎರಡು ವರ್ಗಗಳ ಉಪಾಯದಿಂದ ಐದನ್ನೂ ಮಾಡಿ ನೋಡಿ. ನಮ್ಮ ಸಂಖ್ಯೆಯ ಶೇಷಗಳು ಸಾಲಾಗಿ 109, 2, 325, 288, 0 ಬರಬೇಕು. ಕೈ ಪಳಗಿಸಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

641 ಸಿಕ್ಕ ಮೇಲೆ ಅದನ್ನು ಭಾಗಾಕಾರವೇ ಇಲ್ಲದೆ ಸಾಧಿಸುವ ಒಂದು ಚಿಕ್ಕ ದಾರಿಯೂ ಇದೆ. 641ನ್ನು ಎರಡು ಥರ ಬರೆಯಿರಿ: 641 = 5 × 2⁷ + 1, ಮತ್ತು 641 = 5⁴ + 2⁴ (625 + 16, ಅಲ್ವಾ?). ಮೊದಲನೆಯದರಿಂದ 5 × 2⁷ರ ಶೇಷ −1. ಅದನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1. ಎರಡನೆಯದರಿಂದ 5⁴ರ ಬದಲು −2⁴ ಇಡಬಹುದು. ಇಟ್ಟರೆ −2³²ರ ಶೇಷ 1, ಅಂದರೆ 2³² + 1ರ ಶೇಷ 0. ಮುಗಿಯಿತು. ಶಿಕ್ಷಕರಾಗಿದ್ದರೆ ಬೋರ್ಡಿನ ಮೇಲೆ ಇದನ್ನು ಐದು ನಿಮಿಷದಲ್ಲಿ ಮಾಡಿ ತೋರಿಸಬಹುದು. ಆದರೆ 641 ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅದಕ್ಕೆ ಮೂರನೆಯ ಹಂತವನ್ನೇ ಮೊದಲು ಹೇಳಿಕೊಡಿ.

ಹಂತ 5: 6700417 ಇನ್ನೂ ಒಡೆಯುತ್ತದೆಯೇ?

ಇಲ್ಲೂ ಅದೇ ನಿಯಮ. ಇದನ್ನು ಭಾಗಿಸುವ ಅವಿಭಾಜ್ಯ ನಮ್ಮ ದೊಡ್ಡ ಸಂಖ್ಯೆಯನ್ನೂ ಭಾಗಿಸುತ್ತದೆ. ಹಾಗಾಗಿ ಅದೂ 128ರ ಮಗ್ಗಿಗೆ 1 ಕೂಡಿಸಿದ್ದೇ ಆಗಿರಬೇಕು. 6700417ರ ವರ್ಗಮೂಲ 2588 ಮತ್ತು ಚಿಲ್ಲರೆ. ಅಲ್ಲಿಗೆ ಮಗ್ಗಿಯ ಇಪ್ಪತ್ತು ಸಾಲು ಸಾಕು, 2561ರವರೆಗೆ. ಇಪ್ಪತ್ತರಲ್ಲಿ ಅವಿಭಾಜ್ಯಗಳು ಐದೇ: 257, 641, 769, 1153, 1409. ಉಳಿದವು 3, 5, 7, 11, 13, 17 ಅಥವಾ 29ರಿಂದ ಭಾಗ ಹೋಗುತ್ತವೆ. ಉದಾಹರಣೆಗೆ 1537 ಎಂದರೆ 29 × 53, 1921 ಎಂದರೆ 17 × 113. ಇವೆರಡರಲ್ಲಿ ಎಡವುವುದು ಸುಲಭ, ಎಚ್ಚರ ಇರಲಿ.

ಐದರಿಂದ ಭಾಗಿಸಿದಾಗ 6700417ರ ಶೇಷಗಳು:

257ಕ್ಕೆ 170
641ಕ್ಕೆ 44
769ಕ್ಕೆ 120
1153ಕ್ಕೆ 334
1409ಕ್ಕೆ 622

ಒಂದೂ ಸೊನ್ನೆ ಇಲ್ಲ. ಹಾಗಾಗಿ 6700417 ಅವಿಭಾಜ್ಯ. 67 ಲಕ್ಷದ ಆಚೆಗಿನ ಒಂದು ಸಂಖ್ಯೆ ಅವಿಭಾಜ್ಯ ಎಂದು ಬರೀ ಐದು ಭಾಗಾಕಾರದಲ್ಲಿ ಸಾಧಿಸಿದ್ದೇವೆ. ಆಕಾರ ಗೊತ್ತಿದ್ದರೆ ಎಷ್ಟು ಕೆಲಸ ಉಳಿಯುತ್ತದೆ ನೋಡಿ.

ನಮ್ಮ ಸಂಖ್ಯೆಗೆ ಒಟ್ಟು ನಾಲ್ಕೇ ಭಾಜಕಗಳು: 1, 641, 6700417 ಮತ್ತು ಅದೇ ಸಂಖ್ಯೆ. ನಾಲ್ಕರ ಮೊತ್ತ 642 × 6700418 = 4301668356.

ಹಂತ 6: ಎರಡು ವರ್ಗಗಳ ಮೊತ್ತ

2³² + 1 ಎಂದರೆ 65536² + 1². ಇದು ಎರಡು ವರ್ಗಗಳ ಮೊತ್ತ. ಬೆಸ ಅವಿಭಾಜ್ಯವೊಂದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬರುವುದಾದರೆ ಅದು ಒಂದೇ ರೀತಿಯಲ್ಲಿ. ನಮ್ಮದು ಅವಿಭಾಜ್ಯ ಅಲ್ಲ. ಇನ್ನೊಂದು ರೀತಿ ಹುಡುಕೋಣ.

641 = 25² + 4². 6700417 = 2556² + 409². ಇವೆರಡನ್ನು ಜೋಡಿಸಲು ಬ್ರಹ್ಮಗುಪ್ತನ ನಿಯಮ ಬೇಕು. 628ರಲ್ಲಿ ಅವನು ಕೊಟ್ಟ ಈ ನಿಯಮದ ಒಂದು ರೂಪ ಹೀಗಿದೆ: ಎರಡು ವರ್ಗಗಳ ಮೊತ್ತವನ್ನು ಇನ್ನೊಂದು ಅಂಥದ್ದೇ ಮೊತ್ತದಿಂದ ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತ. ಅದೂ ಎರಡು ರೀತಿಯಲ್ಲಿ. ನಾಲ್ಕು ಗುಣಲಬ್ಧ ಬರೆದುಕೊಳ್ಳಿ.

25 × 2556 = 63900, 4 × 409 = 1636
25 × 409 = 10225, 4 × 2556 = 10224

ಮೊದಲ ಸಾಲನ್ನು ಕೂಡಿಸಿ, ಎರಡನೆಯದನ್ನು ಕಳೆಯಿರಿ: 65536 ಮತ್ತು 1. ಹಳೆಯ ರೂಪವೇ ಬಂತು. ಈಗ ಮೊದಲನೆಯದನ್ನು ಕಳೆದು, ಎರಡನೆಯದನ್ನು ಕೂಡಿಸಿ: 62264 ಮತ್ತು 20449. ಹಾಗಾಗಿ

4294967297 = 62264² + 20449²

ಇದರ ಜೊತೆಗೆ ಸುಮ್ನೆ ಗಮನಿಸಿ, 20449 ಎಂಬುದೂ 143ರ ವರ್ಗ.

ಇದನ್ನು ತಿರುಗಿಸಿಯೂ ಮಾಡಬಹುದು. ಅಪವರ್ತನ ಗೊತ್ತಿಲ್ಲ, ಎರಡು ರೂಪಗಳು ಮಾತ್ರ ಗೊತ್ತಿವೆ ಎಂದುಕೊಳ್ಳಿ. 65536 − 62264 = 3272. 20449 − 1 = 20448. ಇವೆರಡರ ಮ.ಸಾ.ಅ. 8. ಭಾಗಿಸಿದರೆ 409 ಮತ್ತು 2556. ಇವುಗಳ ವರ್ಗಗಳನ್ನು ಕೂಡಿಸಿ: 6700417! ಇನ್ನೊಂದು ಅಪವರ್ತನ ಬೇಕಿದ್ದರೆ ಕಳೆಯುವ ಬದಲು ಕೂಡಿಸಿ. 127800 ಮತ್ತು 20450, ಇವುಗಳ ಮ.ಸಾ.ಅ. 50. ಎರಡು ಮ.ಸಾ.ಅ.ಗಳ ಅರ್ಧ 4 ಮತ್ತು 25. 16 + 625 = 641. ಎರಡು ವರ್ಗಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆದ ಬೇರೆ ಸಂಖ್ಯೆಗಳನ್ನು ಒಡೆಯಲೂ ಇದು ಉಪಯೋಗಕ್ಕೆ ಬರುತ್ತದೆ.

ಹಂತ 7: ಶೀಘ್ರ ಪರೀಕ್ಷೆಗಳನ್ನು ಎಲ್ಲಿ ನಂಬಬಾರದು

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಬೇಗ ನೋಡಲು ಚಿಕ್ಕ ಪ್ರಮೇಯವನ್ನೇ ಪರೀಕ್ಷೆಯಾಗಿ ಬಳಸುವುದುಂಟು. ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ, ಶೇಷ 1 ಬಂದರೆ ಅವಿಭಾಜ್ಯ ಇರಬಹುದು ಎನ್ನುತ್ತಾರೆ. ನಮ್ಮ ಸಂಖ್ಯೆಗೆ ಇದನ್ನು ಮಾಡಬೇಡಿ. 2⁶⁴ರ ಶೇಷ 1 ಎಂದು ಆಗಲೇ ನೋಡಿದ್ದೇವೆ. ಇಲ್ಲಿನ ಘಾತ 4294967296, ಅದು 64ರ ಮಗ್ಗಿಯಲ್ಲಿದೆ. ಹಾಗಾಗಿ ಶೇಷ 1 ಬಂದೇ ಬರುತ್ತದೆ. ಅವಿಭಾಜ್ಯ ಅಲ್ಲದಿದ್ದರೂ ನಮ್ಮ ಸಂಖ್ಯೆ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ.

2ರ ಬದಲು 3 ಹಾಕಿ. 3ನ್ನು ಅದೇ ಘಾತಕ್ಕೆ ಏರಿಸಿ ಭಾಗಿಸಿದರೆ ಶೇಷ 3029026160. ಅದು 1 ಅಲ್ಲ, ಆದ್ದರಿಂದ ಸಂಖ್ಯೆ ಅವಿಭಾಜ್ಯ ಅಲ್ಲ. ಅಪವರ್ತನ ಒಂದೂ ಗೊತ್ತಿಲ್ಲದಿದ್ದರೂ ಇದಿಷ್ಟರಿಂದ ತೀರ್ಮಾನಕ್ಕೆ ಬರಬಹುದು. 3ನ್ನೇ ಬಳಸಿ ಈ ಸಾಲಿನ ಸಂಖ್ಯೆಗಳಿಗೆಂದೇ ಒಂದು ಖಚಿತ ಪರೀಕ್ಷೆಯನ್ನು 1877ರಲ್ಲಿ ಪೆಪ್ಯಾಂ ಕೊಟ್ಟ.

ಇದನ್ನು ಮಾಡಲು 3ರಿಂದ ಶುರು ಮಾಡಿ 32 ಸಲ ವರ್ಗ ಮಾಡಿ ಶೇಷ ತೆಗೆಯಬೇಕು. ಎಕ್ಸೆಲ್ ಬೇಡ. ಅದು 15 ಅಂಕಿಯವರೆಗೆ ಮಾತ್ರ ನಿಖರ, ಇಲ್ಲಿ ಮಧ್ಯದಲ್ಲಿ 20 ಅಂಕಿಯವರೆಗೆ ಬರುತ್ತದೆ. ಪೈಥಾನ್ ಗೊತ್ತಿದ್ದರೆ ಅದರ 'ಪೌ' ಫಂಕ್ಷನ್‌ಗೆ 3, 4294967296, 4294967297 ಎಂದು ಮೂರು ಸಂಖ್ಯೆ ಸಾಲಾಗಿ ಕೊಡಿ. ತಕ್ಷಣ ಉತ್ತರ ಬರುತ್ತದೆ.

ರೇಖಾಗಣಿತದಲ್ಲಿ ಇದರ ಜಾಗ

ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿ ಮಾತ್ರ ಬಳಸಿ 17 ಬಾಹುಗಳ ನಿಯಮಿತ ಬಹುಭುಜ ಎಳೆಯಬಹುದು ಎಂದು 1796ರಲ್ಲಿ ಗೌಸ್ ತೋರಿಸಿದ. ಎಷ್ಟು ಬಾಹುಗಳಿಗೆ ಸಾಧ್ಯ, ಎಷ್ಟಕ್ಕೆ ಇಲ್ಲ ಎಂಬ ಸಾಧನೆ 1837ರಲ್ಲಿ ವಾಂಟ್ಸೆಲ್‌ನಿಂದ ಪೂರ್ತಿಯಾಯಿತು. ಬಾಹುಗಳ ಸಂಖ್ಯೆಯಲ್ಲಿ 2ರ ಘಾತ ಎಷ್ಟು ಬೇಕಾದರೂ ಇರಬಹುದು. ಉಳಿದ ಅಪವರ್ತನಗಳು ಫರ್ಮಾನ ಸಾಲಿನ ಅವಿಭಾಜ್ಯಗಳೇ ಆಗಿರಬೇಕು, ಒಂದೊಂದೂ ಒಂದೇ ಸಲ. 641 ಆ ಸಾಲಿನಲ್ಲಿಲ್ಲ. ಆದ್ದರಿಂದ 4294967297 ಬಾಹುಗಳ ಆಕೃತಿ ಎಳೆಯಲು ಸಾಧ್ಯವಿಲ್ಲ. ಅದರ ಹಿಂದಿನ ಎರಡೂ, ಅಂದರೆ 4294967296 ಮತ್ತು 4294967295, ತತ್ವದಲ್ಲಿ ಸಾಧ್ಯ. ಬೆಸ ಬಾಹುಗಳಲ್ಲಿ ಇಂದಿಗೂ ನಮಗೆ ಗೊತ್ತಿರುವ ಅತಿ ದೊಡ್ಡದು 4294967295 ಬಾಹುಗಳದ್ದೇ. ಯಾಕೆಂದರೆ 65537ರ ಆಚೆಗೆ ಆ ಸಾಲಿನಲ್ಲಿ ಒಂದು ಅವಿಭಾಜ್ಯವೂ ಇದುವರೆಗೆ ಸಿಕ್ಕಿಲ್ಲ.

ಮುಂದಿನ ಸಂಖ್ಯೆ ನಿಮಗೆ

ಇಷ್ಟು ಮಾಡಿದವರು ಸಾಲಿನ ಮುಂದಿನದಕ್ಕೆ ಕೈ ಹಾಕಿ: 2⁶⁴ + 1 = 18446744073709551617. ಮೂರನೆಯ ಹಂತದ ವಾದವನ್ನೇ ಇಲ್ಲಿಗೆ ಹೊಂದಿಸಿದರೆ ಭಾಜಕಗಳು 256ರ ಮಗ್ಗಿಗೆ 1 ಕೂಡಿಸಿದ ರೂಪದಲ್ಲಿ ಇರಬೇಕು. ಈ ಸಲ ಐದನೆಯ ಸಾಲಿಗೆ ಸಿಗುವುದಿಲ್ಲ, 1071ನೇ ಸಾಲಿನವರೆಗೆ ಹೋಗಬೇಕು. 256 × 1071 + 1 = 274177. ಇದು 1880ರಲ್ಲಿ ಫ್ರಾನ್ಸಿನ ಲಾಂದ್ರಿಗೆ ಸಿಕ್ಕಿತು, ಅವನ 82ನೇ ವಯಸ್ಸಿನಲ್ಲಿ.

ಪರೀಕ್ಷಿಸುವುದು ಮಾತ್ರ ಸುಲಭ. 65536ರ ವರ್ಗವನ್ನು 274177ರಿಂದ ಭಾಗಿಸಿದರೆ ಶೇಷ 258768. ಅದು 274177ಕ್ಕಿಂತ 15409 ಕಡಿಮೆ, ಹಾಗಾಗಿ −15409 ಎಂದೇ ಇಟ್ಟುಕೊಳ್ಳಿ, ಲೆಕ್ಕ ಹಗುರಾಗುತ್ತದೆ. 15409ರ ವರ್ಗ 237437281. ಪಕ್ಕದಲ್ಲಿ 274177 × 866 ಎಷ್ಟು ಎಂದು ಗುಣಿಸಿ ನೋಡಿ. 237437282 ಬರುತ್ತದೆ. ಎರಡರ ನಡುವೆ ಇರುವುದು ಒಂದೇ ಒಂದು, ಅಂದರೆ 2⁶⁴ರ ಶೇಷ −1. ಭಾಗ ಹೋಯಿತು.